ಚಿತ್ರಕಥೆ ಮುಗಿಯದಿರುವುದಕ್ಕೆ ನಾವು ಕೊಡುವ ಕಾರಣಗಳು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿತ್ರಕಥೆ ಮುಗಿಸಲಾಗದವರಿಗೆ ಎಲ್ಲರೂ ಈ ಗಾದೆ ಹೇಳುತ್ತಾರೆ. ಆದರೆ ನೆಲ ಎಷ್ಟೋ ಸಲ ನಿಜವಾಗಿಯೂ ಡೊಂಕಾಗಿರುತ್ತದೆ. ಎಷ್ಟು ಡೊಂಕು ಅಂತ ಯಾರೂ ಅಳೆಯುವುದಿಲ್ಲ, ಅಷ್ಟೇ. ನಾನು ಅಳೆಯುವುದು ಹೀಗೆ: ಬರೆಯದೆ ಎದ್ದ ದಿನ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಕಾರಣವನ್ನು ಒಂದೇ ಸಾಲಿನಲ್ಲಿ ಬರೆದಿಡುತ್ತೇನೆ. ವಾರದಲ್ಲಿ 3 ಸಲ ಅದೇ ಕಾರಣ ಬಂದರೆ, ಅದರ ಹಿಂದೆ ಮಾಡದೆ ಬಿಟ್ಟ ಕೆಲಸವೊಂದು ಇದೆ ಎಂದು ಲೆಕ್ಕ.

ಹೆಚ್ಚು ಸಲ ಬರುವ ಕಾರಣ ‘ಟೈಮ್ ಇಲ್ಲ’. 120 ಪುಟದ ಚಿತ್ರಕಥೆಗೆ ದಿನಕ್ಕೆ ಒಂದು ಪುಟದಂತೆ ವಾರಕ್ಕೆ 5 ದಿನ ಬರೆದರೆ 24 ವಾರ, ಅರ್ಧ ಪುಟವಾದರೆ 48 ವಾರ. ಅರ್ಧ ಪುಟಕ್ಕೆ ಅರ್ಧ ಗಂಟೆ ಸಾಕು. ಆದರೂ ಆಗದಿರುವುದು ಏಕೆಂದರೆ, ಆ ಅರ್ಧ ಗಂಟೆಯಲ್ಲಿ 20 ನಿಮಿಷ ‘ಎಲ್ಲಿಂದ ಶುರು ಮಾಡಲಿ’ ಎಂಬುದರಲ್ಲೇ ಕಳೆಯುತ್ತದೆ. ಇದಕ್ಕೆ ಪರಿಹಾರ ಹಿಂದಿನ ರಾತ್ರಿಯೇ ಆಗಬೇಕು. ಮರುದಿನದ ಸೀನಿಗೆ ಒಂದು ಕಾರ್ಡಿನಲ್ಲಿ ಮೂರು ಸಾಲು: ಯಾರಿಗೆ ಏನು ಬೇಕು, ಯಾರು ಅಡ್ಡ ನಿಂತಿದ್ದಾರೆ, ಸೀನ್ ಮುಗಿಯುವಾಗ ಏನು ಬದಲಾಗಿರುತ್ತದೆ. ಮೂರನೆಯ ಸಾಲು ಹೊಳೆಯದಿದ್ದರೆ ಬಹುಶಃ ಆ ಸೀನೇ ಬೇಡ. ಇನ್ನೊಂದು, ಸೀನ್ ಪೂರ್ತಿ ಮುಗಿಸಿ ಏಳಬೇಡಿ. ಒಂದು ಮಾತಿಗೆ ಉತ್ತರ ಬಾಕಿ ಇರುವಾಗ ನಿಲ್ಲಿಸಿದರೆ, ಮರುದಿನದ ಮೊದಲ ಸಾಲು ನಿಮಗೆ ಆಗಲೇ ಗೊತ್ತಿರುತ್ತದೆ.

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿ 12 ಪಾಯಿಂಟ್ ಕೊರಿಯರ್ ಫಾಂಟಿನಲ್ಲಿ ಇಂಗ್ಲಿಷಿಗೆ ಹುಟ್ಟಿದ್ದು. ಕನ್ನಡದ ಫಾಂಟಿಗೆ ಅದು ಹೊಂದುವುದಿಲ್ಲ. ಕನ್ನಡದಲ್ಲಿ ಬರೆಯುವವರು ಸೀನನ್ನು ಗಟ್ಟಿಯಾಗಿ ಓದಿ, ಪಾತ್ರಗಳ ಓಡಾಟವನ್ನು ಕಣ್ಣ ಮುಂದೆ ತಂದುಕೊಂಡು, ಗಡಿಯಾರ ನೋಡಿಯೇ ಉದ್ದ ಅಳೆಯಬೇಕು.

‘ಒಳ್ಳೆ ಸಾಫ್ಟ್‌ವೇರ್ ಇಲ್ಲ’ ಎಂಬುದಕ್ಕೆ ಹೆಚ್ಚು ಮಾತು ಬೇಡ. ಸೀನ್ ನಂಬರ್, ಒಳಾಂಗಣವೋ ಹೊರಾಂಗಣವೋ, ಜಾಗ, ಹಗಲೋ ರಾತ್ರಿಯೋ, ಅದರ ಕೆಳಗೆ ವರ್ತಮಾನ ಕಾಲದಲ್ಲಿ ಕ್ರಿಯೆ, ಆಮೇಲೆ ಪಾತ್ರದ ಹೆಸರು ಮತ್ತು ಮಾತು. ಇಷ್ಟನ್ನು ಯಾವ ಸಾದಾ ಫೈಲಿನಲ್ಲೂ ಬರೆಯಬಹುದು. ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಚೆಲ್ಲಾಪಿಲ್ಲಿಯಾಗುತ್ತದೆ.

ನಿಜಕ್ಕೂ ಅಪಾಯಕಾರಿಯಾದದ್ದು ಬೇರೊಂದು, ಏಕೆಂದರೆ ಅದು ಕೆಲಸದ ವೇಷದಲ್ಲೇ ಬರುತ್ತದೆ: ‘ಮೊದಲ 30 ಪುಟ ಇನ್ನೂ ಸರಿಯಾಗಿಲ್ಲ’. ತಿಂಗಳುಗಟ್ಟಲೆ ಅದನ್ನೇ ತಿದ್ದುತ್ತಾ ಕೂರುವುದು. ಕೂತದ್ದೂ ನಿಜ, ಬರೆದದ್ದೂ ನಿಜ, ಆದ್ದರಿಂದ ಇದು ನೆಪವೆಂದು ಅನಿಸುವುದೇ ಇಲ್ಲ. ಮೂಲ ಕಾರಣ ಬಹುತೇಕ ಒಂದೇ: ಕಥೆ ಎಲ್ಲಿ ಮುಗಿಯುತ್ತದೆಂದು ಬರೆಯುವವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕೊನೆಗೆ ಹೊಂದುವಂತೆ ಶುರುವನ್ನು ತಿದ್ದಲು ಸಾಧ್ಯವಿಲ್ಲ. ಅಲ್ಲಿಗೆ ಕೈ ನಿಲ್ಲಿಸಿ, ಕೊನೆಯ ಸೀನನ್ನು ಒರಟಾಗಿಯಾದರೂ ಬರೆಯಿರಿ. ನಂತರ ಒನ್‌ಲೈನ್ ಆರ್ಡರ್ ಮಾಡಿ: 50ರಿಂದ 60 ಸೀನು, ಪ್ರತಿಯೊಂದಕ್ಕೂ ಒಂದು ಸಾಲು. ಎರಡು ಸೀನುಗಳ ನಡುವೆ ‘ಆದ್ದರಿಂದ’ ಅಥವಾ ‘ಆದರೆ’ ಹಾಕಿ ಓದಿ ನೋಡಿ. ಬರೀ ‘ಆಮೇಲೆ’ ಮಾತ್ರ ಹೊಂದುವ ಕಡೆ ಕೊಂಡಿ ಕಳಚಿದೆ ಎಂದರ್ಥ. ಡ್ರಾಫ್ಟ್ ಶುರುವಾದ ಮೇಲೆ ಹಿಂದಿನ ಪುಟ ಮುಟ್ಟುವಂತಿಲ್ಲ. 12ನೇ ಸೀನಿನಲ್ಲಿ ತಂಗಿಯ ಪಾತ್ರ ಬೇಕಿತ್ತು ಅಂತ 40ನೇ ಸೀನಿನಲ್ಲಿ ಹೊಳೆದರೆ, ತಿದ್ದುಪಡಿ ಪಟ್ಟಿಯಲ್ಲಿ ಒಂದು ಸಾಲು ಬರೆದು, ಆ ತಂಗಿ ಮೊದಲಿನಿಂದಲೂ ಇದ್ದಾಳೆಂದುಕೊಂಡೇ ಮುಂದುವರಿಯಿರಿ.

ಕಥೆಯ ನಡುಭಾಗದಲ್ಲಿ ‘ಮೂಡ್ ಬರುತ್ತಿಲ್ಲ’ ಶುರುವಾಗುತ್ತದೆ. ಅಲ್ಲಿ ಮೂಡಿಗಿಂತ ಮೊದಲು ಎದುರಾಳಿಯನ್ನು ಪರೀಕ್ಷಿಸಿ. ಕಳೆದ 5 ಸೀನುಗಳಲ್ಲಿ ಅವನು ತಾನಾಗಿ ಏನಾದರೂ ಮಾಡಿದ್ದಾನೆಯೇ? ಸುಮ್ಮನಿದ್ದರೆ ನಾಯಕನಿಗೂ ಮಾಡಲು ಕೆಲಸವಿರುವುದಿಲ್ಲ, ಬರೆಯುವವರಿಗೂ ಇರುವುದಿಲ್ಲ.

ಡ್ರಾಫ್ಟ್ ಮುಗಿದ ಮೇಲಿನ ನೆಪ ‘ತೋರಿಸಿದರೆ ಕದಿಯುತ್ತಾರೆ’. ಭಯ ಸಹಜ, ಕೆಲವೊಮ್ಮೆ ಸಕಾರಣವೂ ಹೌದು. ಕೃತಿಸ್ವಾಮ್ಯ ಬರೀ ಐಡಿಯಾಕ್ಕೆ ಸಿಗುವುದಿಲ್ಲ, ಬರೆದ ರೂಪಕ್ಕೆ ಸಿಗುತ್ತದೆ. ಹಾಗಾಗಿ ಬಾಯಲ್ಲಿ ಕಥೆ ಹೇಳಿ ಬಂದವರಿಗಿಂತ ಪೂರ್ತಿ ಬರೆದಿಟ್ಟವರ ಕೈ ಗಟ್ಟಿ. ಪ್ರತಿ ಡ್ರಾಫ್ಟನ್ನೂ ತಾರೀಖಿನ ಹೆಸರಿನಲ್ಲಿ ಉಳಿಸಿ, ಇಮೇಲಿನಲ್ಲೇ ಕಳಿಸಿ, ನರೇಷನ್ ಕೊಟ್ಟ (ಅಂದರೆ ಎದುರು ಕೂತು ಕಥೆ ಹೇಳಿದ) ದಿನವೇ ಒಂದು ಪುಟದ ಸಾರಾಂಶ ಕಳಿಸಿಬಿಡಿ.

‘ಯಾರೂ ಪರಿಚಯವಿಲ್ಲ’ ಅನ್ನುವವರು 6ರಿಂದ 8 ಪುಟದ ಕಿರುಚಿತ್ರದ ಸ್ಕ್ರಿಪ್ಟಿನಿಂದ ಶುರು ಮಾಡಲಿ. ಹೊಸ ನಿರ್ದೇಶಕರಿಗೆ, ನಟರಿಗೆ ಅಷ್ಟು ಚಿಕ್ಕದನ್ನು ಓದುವ ಪುರುಸೊತ್ತು ಇರುತ್ತದೆ. ನಾಲ್ಕೈದು ಜನರನ್ನು ಕೂರಿಸಿ, ಪಾತ್ರ ಹಂಚಿ, ಜೋರಾಗಿ ಓದಿಸಿ. ಓದುವಾಗ ಬರೆದವರು ಬಾಯಿ ಬಿಡಬಾರದು, ವಿವರಣೆ ಕೊಡಬಾರದು. ಎಲ್ಲಿ ಗಮನ ತಪ್ಪಿತು, ಎಲ್ಲಿ ಗೊಂದಲವಾಯಿತು, ಆಮೇಲೆ ಇಷ್ಟು ಮಾತ್ರ ಕೇಳಿ. ಇಬ್ಬರು ಪ್ರತ್ಯೇಕವಾಗಿ ಒಂದೇ ಪುಟ ತೋರಿಸಿದರೆ ಅಲ್ಲಿ ತೊಂದರೆ ಖಂಡಿತ ಇದೆ. ಅವರು ಸೂಚಿಸುವ ಪರಿಹಾರವನ್ನು ಮಾತ್ರ ಹಾಗೇ ಒಪ್ಪಬೇಡಿ. ರೋಗ ಹಲವು ಸಲ ಅದಕ್ಕೂ 10 ಪುಟ ಹಿಂದೆ ಇರುತ್ತದೆ.

ಸ್ಕ್ರಿಪ್ಟ್ ಕಳಿಸಿದ ಮೇಲೆ ‘ಉತ್ತರ ಬರಲಿ, ಆಮೇಲೆ ನೋಡೋಣ’ ಎಂಬ ಸಾಲು ನೋಟ್‌ಬುಕ್ಕಿಗೆ ಬಂದೇ ಬರುತ್ತದೆ. ಯಾರಿಗೆ, ಯಾವ ಡ್ರಾಫ್ಟು, ಯಾವ ದಿನ ಕಳಿಸಿದ್ದು ಅಂತ ಬರೆದಿಟ್ಟು, ಒಂದು ತಿಂಗಳ ನಂತರ ಒಂದೇ ಒಂದು ಸಲ ವಿನಯದಿಂದ ನೆನಪಿಸಿ. ಕಳಿಸಿದ ರಾತ್ರಿಯೇ ಮುಂದಿನ ಕಥೆಯ ಮೊದಲ ಕಾರ್ಡು, ಅದೇ ಮೂರು ಸಾಲು, ಮೇಜಿನ ಮೇಲಿರಲಿ.