ಮೇಲೆ ಏನು ಅನ್ನೋದು ಮೊದಲು, ಹಿಟ್ಟು ಆಮೇಲೆ: ನನ್ನ ಪ್ಯಾನ್‌ಕೇಕ್ ಅನುಭವ

ಜುಲೈ ಮಳೆ ಹಿಡಿದರೆ ಸೋಮವಾರಪೇಟೆ ಕಡೆ ಉದ್ದಿನ ಹಿಟ್ಟು ಉಬ್ಬುವುದೇ ಇಲ್ಲ. ಒಲೆ ಪಕ್ಕ ಇಟ್ಟರೂ ಅಷ್ಟೇ, ಪಾತ್ರೆಗೆ ಕಂಬಳಿ ಸುತ್ತಿದರೂ ಅಷ್ಟೇ. ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಇದ್ದ ಮಟ್ಟದಲ್ಲೇ ತಣ್ಣಗೆ ಕೂತಿರುತ್ತದೆ. ನಮ್ಮದು ಕಾಫಿ ತೋಟದೊಳಗಿನ ಸಣ್ಣ ಹೋಂಸ್ಟೇ, ಮೂರೇ ಕೋಣೆ. ಅಂಥ ಒಂದು ಬೆಳಿಗ್ಗೆ ಎಂಟು ಜನ ತಿಂಡಿಗೆ ಕಾಯುತ್ತಿದ್ದರು, ಹಿಟ್ಟು ಕೈ ಕೊಟ್ಟಿತ್ತು. ಬೆಂಗಳೂರಿಂದ ಬಂದಿದ್ದ ಪುಟ್ಟ ಹುಡುಗಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಆಂಟಿ, ಪ್ಯಾನ್‌ಕೇಕ್ ಮಾಡ್ತೀರಾ?" ಅಂದಳು.

ಬೀರುವಿನಲ್ಲಿ ಒಂದು ರೆಡಿಮೇಡ್ ಪೊಟ್ಟಣ ಇತ್ತು. ಹಾಲು ಹಾಕಿದೆ, ದೋಸೆ ಹಿಟ್ಟು ಕಲಸುವ ಹಾಗೆ ಗಂಟಿಲ್ಲದಂತೆ ಚೆನ್ನಾಗಿ ಬಡಿದೆ, ಕಾದ ಕಾವಲಿಗೆ ಹೊಯ್ದು ಸೌಟಿನಲ್ಲಿ ಹರಡಿದೆ. ಮೇಲೆ ಕಪ್ಪಗೆ, ಒಳಗೆ ಹಸಿ, ಎಳೆದರೆ ಹಿಗ್ಗುವಂಥದ್ದು ಬಂತು. ಹುಡುಗಿ ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟಳು, ಏನೂ ಅನ್ನಲಿಲ್ಲ. ಅವತ್ತಿಡೀ ನನಗೆ ಬೇಜಾರು. ಮನೆಗೆ ಬಂದವರ ತಟ್ಟೆಯಲ್ಲಿ ತಿಂಡಿ ಉಳಿದರೆ ನಮ್ಮ ಕಡೆ ಅದು ಸಣ್ಣ ವಿಷಯ ಅಲ್ಲ.

ಇದಾಗಿ ಆರು ವರ್ಷ. ಅವತ್ತು ನಾನು ಮಾಡಿದ್ದು ಎರಡು ತಪ್ಪು, ಎರಡೂ ದೋಸೆ ಕೈಯಿಂದ ಬಂದವು.

ಒಂದು, ಬಡಿದದ್ದು. ಅಕ್ಕಿ, ಉದ್ದಿನ ಹಿಟ್ಟನ್ನು ಎಷ್ಟು ಕಲಸಿದರೂ ತೊಂದರೆ ಇಲ್ಲ, ಕೈಯಾಡಿಸಿದಷ್ಟೂ ಒಳ್ಳೆಯದು. ಮೈದಾ ಹಾಗಲ್ಲ. ಅದರಲ್ಲಿ ಗ್ಲುಟೆನ್ ಇದೆ, ನೀರು ಸೋಕಿ ಕಲಸಿದಷ್ಟೂ ಅದು ನಾರು ಕಟ್ಟುತ್ತದೆ. ಚಪಾತಿಗೆ ಬೇಕಾದದ್ದೇ ಅದು, ಪ್ಯಾನ್‌ಕೇಕ್‌ಗೆ ಅದೇ ಶತ್ರು. ಈಗ ನಾನು ಒಣ ಪದಾರ್ಥದ ನಡುವೆ ಗುಳಿ ಮಾಡಿ, ಹಸಿ ಪದಾರ್ಥ ಸುರಿದು, ಮರದ ಸೌಟಿನಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿ ಬಿಟ್ಟುಬಿಡುತ್ತೇನೆ. ಅಲ್ಲಲ್ಲಿ ಕಡಲೆಕಾಳಿನಷ್ಟು ಗಂಟು ಉಳಿಯುತ್ತದೆ. ಉಳಿಯಲಿ. ಹತ್ತು ನಿಮಿಷ ಸುಮ್ನೆ ಇಟ್ಟರೆ ಅವು ತಾವಾಗಿಯೇ ನೆನೆದು ಸಡಿಲ ಆಗುತ್ತವೆ. ಗಂಟು ನೋಡಿಕೊಂಡು ಕೈ ಕಟ್ಟಿ ನಿಲ್ಲುವುದೇ ಕಷ್ಟ, ದೋಸೆ ಹೊಯ್ದು ಬೆಳೆದವರಿಗಂತೂ ಜಾಸ್ತಿ ಕಷ್ಟ.

ಎರಡನೆಯದು ಉರಿ. ದೋಸೆಗೆ ಕಾವಲಿ ಚೆನ್ನಾಗಿ ಕಾದಿರಬೇಕು, ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು. ದಪ್ಪ ಪ್ಯಾನ್‌ಕೇಕ್‌ಗೆ ಆ ಬಿಸಿ ಆಗುವುದಿಲ್ಲ. ಒಂದು ಚೂರು ಬೆಣ್ಣೆ ಹಾಕಿ ನೋಡುತ್ತೇನೆ. ನೊರೆ ಬರಬೇಕು, ಕಂದು ಆಗಬಾರದು. ಅಷ್ಟೇ ಪರೀಕ್ಷೆ. ಕಾವಲಿ ಮಾತ್ರ ನಮ್ಮ ಅತ್ತೆಯ ಹಳೇ ಬೀಡಿನದೇ. ಭಾರ ಇರುವುದರಿಂದ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಎಲ್ಲ ಕಡೆ ಒಂದೇ ಬಣ್ಣ ಬರುತ್ತದೆ.

ದಪ್ಪ ಪ್ಯಾನ್‌ಕೇಕ್, ಅಂದರೆ ಅಮೆರಿಕದವರು ಒಂದರ ಮೇಲೊಂದು ಪೇರಿಸಿ ತಿನ್ನುತ್ತಾರಲ್ಲ, ಅದಕ್ಕೆ ನನ್ನ ಅಳತೆ ಇದು. ಮೈದಾ 250 ಗ್ರಾಂ, ಸಕ್ಕರೆ 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 2 ಚಿಕ್ಕ ಚಮಚ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ. ಇನ್ನೊಂದು ಪಾತ್ರೆಯಲ್ಲಿ ಹುಳಿ ಮೊಸರು 300 ಗ್ರಾಂ, ಹಾಲು 150 ಮಿಲಿ, ಮೊಟ್ಟೆ 2, ಕರಗಿಸಿದ ಬೆಣ್ಣೆ 50 ಗ್ರಾಂ. ಅವರು ಬಳಸುವ ಬಟರ್‌ಮಿಲ್ಕ್ ಗಟ್ಟಿ, ಹುಳಿ. ನಮ್ಮ ನೀರು ಮಜ್ಜಿಗೆ ಹಾಕಿದರೆ ಹಿಟ್ಟು ಓಡುತ್ತದೆ. ಅದಕ್ಕೇ ಮೊಸರಿಗೆ ಹಾಲು. ಮೊಸರಿನ ಹುಳಿ ಸೋಡಾಗೆ ಸೇರಿದ ತಕ್ಷಣ ಗಾಳಿಗುಳ್ಳೆ ಏಳಲು ಶುರು. ಬೇಕಿಂಗ್ ಪೌಡರ್ ಕಾವಲಿಯ ಬಿಸಿ ತಗಲಿದಾಗ ಇನ್ನೊಮ್ಮೆ ಉಬ್ಬಿಸುತ್ತದೆ. ಹೊರಗೆ ಎಷ್ಟೇ ಚಳಿ ಇರಲಿ, ಇದು ಉಬ್ಬಿಯೇ ಉಬ್ಬುತ್ತದೆ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಉಪಕಾರಿ ತಿಂಡಿ ನನಗೆ ಸಿಕ್ಕಿಲ್ಲ.

ಹೊಯ್ದ ಮೇಲೆ ಹರಡಬೇಡಿ, ಅದು ತಾನೇ ದುಂಡಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮೇಲೆ ಗುಳ್ಳೆ ಏಳುತ್ತವೆ. ಮೊದಲ ಗುಳ್ಳೆಗಳು ಒಡೆದು ಮತ್ತೆ ಮುಚ್ಚಿಕೊಳ್ಳುತ್ತವೆ, ಆಗ ಮುಟ್ಟಬಾರದು. ಒಡೆದ ತೂತು ಹಾಗೇ ತೆರೆದು ಉಳಿಯಬೇಕು, ಅಂಚಿನ ಹೊಳಪು ಹೋಗಬೇಕು. ಆಗ ಒಂದೇ ಸಲ ಮಗುಚಿ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬೇಡಿ. ಒತ್ತಿದರೆ ಅಷ್ಟು ಹೊತ್ತು ಕಾದು ಕೂಡಿಸಿದ ಗಾಳಿಯೆಲ್ಲ ಹೋಯಿತು.

ಸೋಮವಾರ ನಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಶ್ರಾವಣದಲ್ಲಂತೂ ತಿಂಗಳಿಡೀ ಇಲ್ಲ. ಆಗ ಒಂದು ಮೊಟ್ಟೆಗೆ ಎರಡು ಕಳಿತ ಏಲಕ್ಕಿ ಬಾಳೆಹಣ್ಣಿನ ಲೆಕ್ಕದಲ್ಲಿ ಹಿಚುಕಿ ಹಾಕುತ್ತೇನೆ. ಬಾಳೆಹಣ್ಣಿನ ಸಿಹಿಗೆ ಬೇಗ ಬಣ್ಣ ಬರುತ್ತದೆ, ಉರಿ ಇನ್ನಷ್ಟು ಸಣ್ಣ ಇರಲಿ.

ಇಷ್ಟು ಕಲಿತ ಮೇಲೂ ಎಲ್ಲೋ ಏನೋ ಕೊರತೆ ಇತ್ತು. ಅದು ಗೊತ್ತಾದದ್ದು ಕೆನಡಾದಿಂದ ಬಂದ ವಯಸ್ಸಾದ ದಂಪತಿಯಿಂದ. ನಾನು ಅಂಗಡಿಯ ಬಾಟಲಿ ಸಿರಪ್ ಇಟ್ಟಿದ್ದೆ. ಅವರು ಏನೂ ಅನ್ನದೆ ಕೋಣೆಗೆ ಹೋಗಿ ಒಂದು ಚಿಕ್ಕ ಡಬ್ಬಿ ತಂದು ನನ್ನ ಕೈಗಿಟ್ಟರು. ನಿಜವಾದ ಮೇಪಲ್ ಸಿರಪ್. ಜೇನಿಗಿಂತ ತೆಳು, ಸಿಹಿಯ ಹಿಂದೆ ಸ್ವಲ್ಪ ಹೊಗೆ, ಸ್ವಲ್ಪ ಮರ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸ್ವಲ್ಪ ಬಿಸಿಲು ಇರುವ ದಿನಗಳಲ್ಲಿ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರಂತೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಅದನ್ನು ಅತ್ತೆಗೆ ಹೇಳಿದೆ. ಅವರು ಬೆರಳಿಗೆ ಒಂದು ಹನಿ ಹಚ್ಚಿಕೊಂಡು ನೆಕ್ಕಿ ನೋಡಿ, "ನಮ್ಮ ಕಾಚಂಪುಳಿ ಕಾಯಿಸಿದ ಹಾಗೇ ಅಲ್ವೇನಮ್ಮಾ? ಅವರದ್ದು ಸಿಹಿ, ನಮ್ಮದು ಹುಳಿ" ಅಂದರು.

ಎಷ್ಟು ನಿಜ! ಕಾಚಂಪುಳಿ ಅಂದರೆ ಅಡುಗೆಗೆ ಹಾಕುವ ಹುಳಿ ರಸ. ಮಳೆಗಾಲದಲ್ಲಿ ಉದುರಿದ ಹಣ್ಣು ಬುಟ್ಟಿಗೆ ತುಂಬಿ, ಹನಿಹನಿ ಇಳಿದ ರಸವನ್ನು ಕಪ್ಪಗೆ, ಗಟ್ಟಿಯಾಗಿ ಬರುವ ತನಕ ಕುದಿಸಿ ಬಾಟಲಿಗೆ ತುಂಬುತ್ತಾರೆ ಕೊಡಗಿನಲ್ಲಿ. ಆ ಊರಿನ ಮರದ್ದು ಆ ಊರಿನ ತಿಂಡಿಗೆ. ಹಾಗಿದ್ದರೆ ನಮ್ಮ ಕಾವಲಿಯ ಮೇಲಿನದಕ್ಕೆ ನಮ್ಮ ತೋಟದ್ದೇ ಇರಬೇಕಲ್ಲ? ನನ್ನ ಅಂಗಡಿ ಬಾಟಲಿಯ ಹಿಂದಿನ ಚೀಟಿ ಅವತ್ತು ಮೊದಲ ಸಲ ಓದಿದೆ. ಮೆಕ್ಕೆಜೋಳದ ಸಕ್ಕರೆ ಪಾಕ, ಬಣ್ಣ, ಪರಿಮಳ. ಮೇಪಲ್ ಹೆಸರಿಗೂ ಇರಲಿಲ್ಲ. ಅದನ್ನು ಮತ್ತೆ ಕೊಳ್ಳಲಿಲ್ಲ.

ಆಮೇಲೆ ನನ್ನ ಕ್ರಮವೇ ತಿರುಗಿತು. ಮೊದಲು ಹಣ್ಣಿನ ಬುಟ್ಟಿ ನೋಡುವುದು, ಮೇಲೆ ಏನು ಹಾಕುವುದು ಅಂತ ತೀರ್ಮಾನಿಸುವುದು, ಆಮೇಲೆ ಹಿಟ್ಟು. ಹರಿಯುವಂಥದ್ದಕ್ಕೆ ದಪ್ಪ ಪ್ಯಾನ್‌ಕೇಕ್ ಬೇಕು, ಅದು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಹುಳಿ, ಸಕ್ಕರೆ, ಹೂರಣ ಇಂಥವಕ್ಕೆ ತೆಳ್ಳಗಿನದು ಬೇಕು, ದಪ್ಪದಲ್ಲಿ ಆ ರುಚಿ ಮುಳುಗಿಹೋಗುತ್ತದೆ.

ದಪ್ಪದ ಮೇಲೆ ನನಗೆ ಎಲ್ಲಕ್ಕಿಂತ ಇಷ್ಟ ಜೇನು. ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಅರಳಿದರೆ ತೋಟವೆಲ್ಲ ಮಲ್ಲಿಗೆ ಘಮ, ಪೆಟ್ಟಿಗೆಯ ತುಡುವೆ ಜೇನು ಹುಳಗಳಿಗೆ ಬಿಡುವೇ ಇರುವುದಿಲ್ಲ. ಜೇನನ್ನು ಬಿಸಿ ಮಾಡಬೇಡಿ, ಆ ಘಮವೇ ಹಾರಿಹೋಗುತ್ತದೆ. ಬಿಸಿ ಪ್ಯಾನ್‌ಕೇಕ್ ಮೇಲೆ ಮೊದಲು ಉಪ್ಪು ಹಾಕಿದ ಬೆಣ್ಣೆ, ಅದು ಕರಗಿದ ಮೇಲೆ ಜೇನು. ಬೆಣ್ಣೆಯ ಉಪ್ಪು ಜೇನಿನ ಸಿಹಿಯನ್ನು ಎತ್ತಿ ಹಿಡಿಯುತ್ತದೆ. ಮೊದಲೇ ಜೇನು ಸುರಿದರೆ ಒಳಗೆ ಇಳಿದು ಕಾಣೆಯಾಗುತ್ತದೆ, ನಾಲಿಗೆಗೆ ಸಿಗುವುದೇ ಇಲ್ಲ.

ಚಳಿಗಾಲದಲ್ಲಿ ಕಿತ್ತಳೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಹುಳಿ ಸಿಹಿ ಸಮಸಮ. ರೋಗ ಬಿದ್ದು ಎಷ್ಟೋ ತೋಟಗಳಲ್ಲಿ ಮರಗಳೇ ಹೋದವು. ನಮ್ಮಲ್ಲಿ ಕಾಫಿ ನಡುವೆ ಏಳು ಮರ ಉಳಿದಿವೆ, ಅವುಗಳ ಒಂದೊಂದು ಹಣ್ಣೂ ನನಗೆ ಲೆಕ್ಕ. ಆರು ಹಣ್ಣಿನ ರಸಕ್ಕೆ 100 ಗ್ರಾಂ ಸಕ್ಕರೆ ಹಾಕಿ ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತೇನೆ. ಸಿಪ್ಪೆಯ ಕಿತ್ತಳೆ ಬಣ್ಣದ ಭಾಗ ಮಾತ್ರ ತುರಿದು ಒಂದು ಚಿಟಿಕೆ, ಕೊನೆಗೆ ಒಂದು ಚಮಚ ಬೆಣ್ಣೆ. ಇನ್ನೆರಡು ಹಣ್ಣಿನ ತೊಳೆ ಬಿಡಿಸಿ, ಬೀಜ ತೆಗೆದು, ಮೇಲಿನ ಪೊರೆಯನ್ನು ಉಗುರಿನಿಂದ ಸೀಳಿ ಸುಲಿಯಬೇಕು. ಒಳಗಿನ ಎಸಳು ಚೂರೂ ಒಡೆಯದೆ ಹೊಳೆಯುತ್ತಾ ಕೈಗೆ ಬರುತ್ತದೆ. ಇದು ತಾಳ್ಮೆಯ ಕೆಲಸ, ಅತ್ತೆ ಜಗಲಿಯಲ್ಲಿ ಕೂತು ಮಾಡಿಕೊಡುತ್ತಾರೆ. ಎಸಳನ್ನು ಉರಿ ಆರಿಸಿದ ಮೇಲೆ ಹಾಕಬೇಕು. ಬೀಜ, ಪೊರೆ, ಬಿಳಿ ನಾರು ಸೇರಿ ಕುದ್ದರೆ ಕಹಿ ಬಿಡುತ್ತದೆ. ಒಂದು ಸಲ ಇಡೀ ಪಾತ್ರೆ ಹಾಗೆ ಕಹಿಯಾಗಿ ಚೆಲ್ಲಿದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇದನ್ನು ಮಾತ್ರ ತೆಳ್ಳಗಿನದರ ಜೊತೆಯೇ ಕೊಡುತ್ತೇನೆ. ರಸ ಹರಿಯುತ್ತದೆ ನಿಜ, ಆದರೆ ಎಸಳನ್ನು ಮಡಿಚಿ ತಿನ್ನಬೇಕು. ಫ್ರಾನ್ಸಿನವರ ಕ್ರೇಪ್ ಅಂದರೆ ಇದೇ. ಮೈದಾ 125 ಗ್ರಾಂ, ಮೊಟ್ಟೆ 2, ಹಾಲು 300 ಮಿಲಿ, ಚಿಟಿಕೆ ಉಪ್ಪು, ಒಂದು ಚಮಚ ಕರಗಿಸಿದ ಬೆಣ್ಣೆ. ಇದಕ್ಕೆ ಸೋಡಾ ಇಲ್ಲ, ಉಬ್ಬುವ ಮಾತಿಲ್ಲ, ಗಂಟು ಇರಬಾರದು. ಹಾಗಾಗಿ ಚೆನ್ನಾಗಿ ಕಲಸಿ. ಕಲಸಿದಾಗ ಕಟ್ಟಿದ ನಾರು ಸಡಿಲವಾಗಲು ಅರ್ಧ ಗಂಟೆ ಬಿಡಿ. ನೀರು ದೋಸೆ ಹೊಯ್ದು ಅಭ್ಯಾಸ ಇದ್ದರೆ ಹಿಟ್ಟಿನ ಹದ ಕಣ್ಣಿಗೇ ಗೊತ್ತಾಗುತ್ತದೆ. ಬಾಣಲೆಯನ್ನು ಕೈಯಲ್ಲಿ ಎತ್ತಿ ತಿರುಗಿಸಿ ಹಿಟ್ಟು ಓಡಿಸಬೇಕು, ಅಂಚು ಕಂದಾಗಿ ತಾನೇ ಎದ್ದಾಗ ಮಗುಚಬೇಕು. ಫ್ರಾನ್ಸಿನಲ್ಲಿ ಫೆಬ್ರವರಿ 2ರಂದು ಕ್ರೇಪ್ ತಿನ್ನುವ ಹಬ್ಬವೇ ಇದೆ. ಇಂಗ್ಲೆಂಡಿನಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ, ಮನೆಯ ಮೊಟ್ಟೆ, ಹಾಲು, ಬೆಣ್ಣೆ ಮುಗಿಸಲು ಇಂಥದ್ದೇ ಮಾಡಿ ನಿಂಬೆರಸ, ಸಕ್ಕರೆ ಹಾಕಿ ತಿನ್ನುವ ಪದ್ಧತಿ. ನಿಂಬೆ, ಸಕ್ಕರೆ ಅಷ್ಟೇನಾ ಅಂತ ಅನ್ನಿಸಬಹುದು. ಸಕ್ಕರೆ ಪೂರ್ತಿ ಕರಗುವ ಮೊದಲೇ, ಹಲ್ಲಿಗೆ ಕರಕರ ಅನ್ನುವಾಗಲೇ ತಿಂದು ನೋಡಿ.

ನಮ್ಮ ಮನೆಯಲ್ಲಿ ಎಲ್ಲರೂ ಮತ್ತೆ ಮತ್ತೆ ಕೇಳುವುದು ಮಾತ್ರ ಅತ್ತೆ ಮಾಡಿದ್ದು. ಒಂದು ಸಂಜೆ ಕ್ರೇಪ್ ನಾಲ್ಕು ಉಳಿದಿತ್ತು. ಅವರು ತೆಂಗಿನ ತುರಿಗೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಮಗುಚಿ, ಏಲಕ್ಕಿ ಜಜ್ಜಿ ಹಾಕಿ, ಒಂದೊಂದರೊಳಗೂ ಒಂದು ಸಾಲು ಇಟ್ಟು ಸುರುಳಿ ಸುತ್ತಿದರು. "ಇದೇನು ಹೊಸದಲ್ಲ ಕಣಮ್ಮಾ, ನಾಗರಪಂಚಮಿ ಕಡುಬಿನ ಹೂರಣ" ಅಂದರು. ಬೆಲ್ಲ ಪೂರ್ತಿ ಗಟ್ಟಿಯಾಗುವ ಮೊದಲೇ ಇಳಿಸಬೇಕು, ಆಗ ಕ್ರೇಪಿನ ಹಾಲಿನ ರುಚಿ ಜೊತೆ ಬೆಲ್ಲದ ರಸ ಸೇರುತ್ತದೆ. ಏಲಕ್ಕಿ ನಮ್ಮ ತೋಟದ್ದೇ, ಆಗಲೇ ಜಜ್ಜಬೇಕು, ಪುಡಿ ಮಾಡಿಟ್ಟದ್ದು ಬೇಡ.

ಖಾರದ್ದೂ ಒಂದು ಹೇಳಲೇಬೇಕು. ಮೈದಾ ಅರ್ಧ, ರಾಗಿ ಹಿಟ್ಟು ಅರ್ಧ ಹಾಕಿ, ಸಕ್ಕರೆ ಬಿಟ್ಟು ದಪ್ಪ ಪ್ಯಾನ್‌ಕೇಕ್ ಮಾಡುತ್ತೇನೆ. ರಾಗಿಗೆ ಗ್ಲುಟೆನ್ ಇಲ್ಲ, ಬರೀ ರಾಗಿ ಹಾಕಿದರೆ ಮಗುಚುವಾಗ ಮುರಿಯುತ್ತದೆ. ಮೇಲೆ ಬೆಣ್ಣೆಹಣ್ಣು, ಎಲ್ಲರೂ ಬಟರ್ ಫ್ರೂಟ್ ಅನ್ನುತ್ತಾರಲ್ಲ, ಅದು. ನಿಂಬೆರಸ, ಉಪ್ಪು, ಒಂದೇ ಒಂದು ಜೀರಿಗೆ ಮೆಣಸು ನುರಿದು ಹಿಚುಕಿದರೆ ಸಾಕು. ಎರಡನೇ ಮೆಣಸು ಹಾಕುವ ಮೊದಲು ತಿನ್ನುವವರನ್ನು ಕೇಳಿ.

ಹುಳಿಗೆ ಮೊಸರಿನ ಬದಲು ಕಾಚಂಪುಳಿಯನ್ನೂ ಹಾಲಿಗೆ ಹಾಕಿ ನೋಡಿದ್ದೇನೆ. ಸೋಡಾ ಉಬ್ಬಿಸಿತು, ಆದರೆ ಬಣ್ಣ ಕಂದಾಯಿತು, ಬಾಯಲ್ಲಿ ಮಾಂಸದ ಸಾರಿನ ನೆನಪು. ಅದು ಪಂದಿ ಕರಿಗೇ ಸರಿ. ಜಪಾನಿನ ಸೂಫ್ಲೆ ಪ್ಯಾನ್‌ಕೇಕ್ ಎರಡು ಸಲ ಮಾಡಿದೆ. ಮೊಟ್ಟೆಯ ಬಿಳಿ ಬೇರೆ ಮಾಡಿ ನೊರೆ ಗಟ್ಟಿಯಾಗುವ ತನಕ ಬಡಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಚೆಂದ ಬರುತ್ತದೆ, ತಟ್ಟೆಗೆ ಹಾಕಿದ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ. ಮಳೆಗೆ ಕರೆಂಟ್ ಹೋದ ದಿನ ಎಂಟು ಜನಕ್ಕೆ ಕೈಯಲ್ಲಿ ಬಡಿದು ಮಾಡುವ ತಿಂಡಿ ಅದಲ್ಲ. ಮಕ್ಕಳು ಬಂದರೆ ಅದೇ ದಪ್ಪ ಹಿಟ್ಟನ್ನು ಪಡ್ಡು ಕಾವಲಿಗೆ ಹೊಯ್ಯುತ್ತೇನೆ. ಡೆನ್ಮಾರ್ಕಿನವರು ಗುಳಿ ಇರುವ ಇಂಥದ್ದೇ ಬೀಡಿನ ಬಾಣಲೆಯಲ್ಲಿ ದುಂಡಗಿನ ಪ್ಯಾನ್‌ಕೇಕ್ ಮಾಡುತ್ತಾರೆ. ನಾನು ನಡುವೆ ಒಂದು ಚೂರು ಬಾಳೆಹಣ್ಣು ಇಟ್ಟು, ಮೇಲೆ ಇನ್ನಷ್ಟು ಹಿಟ್ಟು ಹಾಕಿ ತಿರುಗಿಸುತ್ತೇನೆ.

ದಪ್ಪದ ಹಿಟ್ಟು ರಾತ್ರಿಯೇ ಕಲಸಿಡಬೇಡಿ, ಬೆಳಿಗ್ಗೆ ಹೊತ್ತಿಗೆ ಸೋಡಾದ ಶಕ್ತಿ ಹೋಗಿರುತ್ತದೆ. ಒಣ ಪದಾರ್ಥ ಮಾತ್ರ ಡಬ್ಬಿಯಲ್ಲಿ ಕಲಸಿಟ್ಟರೆ ಬೆಳಿಗ್ಗೆ ಕೆಲಸ ಹಗುರ. ತೆಳ್ಳಗಿನದರ ಹಿಟ್ಟು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇದ್ದರೂ ಚೆನ್ನಾಗಿಯೇ ಇರುತ್ತದೆ. ಸಂಜೆ ಅತ್ತೆ ತೋಟದಿಂದ ಬರುವಾಗ ಸೆರಗಿನಲ್ಲಿ ಏನಿದೆ ಅಂತ ನೋಡುತ್ತೇನೆ. ನಿನ್ನೆ ಐದು ಕಿತ್ತಳೆ ಇದ್ದವು. ಹಾಲು 300 ಮಿಲಿ ಅಳೆದು ಇಟ್ಟೆ.