ಜೆಲ್ಡಾ ಟೈಮ್‌ಲೈನ್ ವಾದಕ್ಕೆ ಕೂರುವ ಮುನ್ನ

ನಿಂಟೆಂಡೊ ಕಂಪನಿಯ ವಿಡಿಯೊ ಗೇಮ್ ಸರಣಿಯಾದ ದಿ ಲೆಜೆಂಡ್ ಆಫ್ ಜೆಲ್ಡಾದಲ್ಲಿ ಯಾವ ಗೇಮಿನ ಕಥೆ ಯಾವುದರ ನಂತರ ನಡೆಯುತ್ತದೆ ಎಂಬ ಮಾತು ಕಾರವಾರ, ಕುಮಟಾ, ಶಿರಸಿಗಳ ಗೆಳೆಯರ ನಡುವೆ ಎದ್ದಾಗ ದನಿ ಏರುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಒಬ್ಬರು ಗೇಮಿನೊಳಗೆ ಕಂಡದ್ದನ್ನು ಹಿಡಿದು ವಾದಿಸುತ್ತಾರೆ, ಇನ್ನೊಬ್ಬರು ಅಧಿಕೃತ ಪುಸ್ತಕದ ಕಾಲಕ್ರಮದ ನಕ್ಷೆಯನ್ನು ಹಿಡಿದು. ಆದ್ದರಿಂದ ಮೊದಲು ಸಾಕ್ಷ್ಯಗಳ ತೂಕವನ್ನು ನಿಗದಿ ಮಾಡಿಕೊಳ್ಳಿ. ಗೇಮಿನೊಳಗೆ ಕಣ್ಣಿಗೆ ಬಿದ್ದದ್ದು ಮೊದಲು, ನಿಂಟೆಂಡೊ ಹೊರಗೆ ಹೇಳಿದ್ದು ಆಮೇಲೆ ಎಂಬುದು ನನ್ನ ಪಕ್ಷ. ಬಿಡುಗಡೆಯ ವರ್ಷವನ್ನಂತೂ ಲೆಕ್ಕಕ್ಕೆ ಹಿಡಿಯಬೇಡಿ. 2011ರ ಸ್ಕೈವರ್ಡ್ ಸ್ವೋರ್ಡ್ ಕಥೆಯಲ್ಲಿ ಎಲ್ಲಕ್ಕಿಂತ ಹಿಂದಿನದು.

ಮಾತನ್ನು 1998ರ ಒಕರಿನಾ ಆಫ್ ಟೈಮ್‌ನಿಂದ ಆರಂಭಿಸಿ, ಏಕೆಂದರೆ ಕಥೆಯ ಕಾಲರೇಖೆ ಕವಲೊಡೆಯುವುದು ಅಲ್ಲಿಯೇ. ಖಳನಾಯಕ ಗ್ಯಾನನ್ ಬಂಧಿಯಾದ ನಂತರ ರಾಜಕುಮಾರಿ ಜೆಲ್ಡಾ ನಾಯಕ ಲಿಂಕ್‌ನನ್ನು ಬಾಲ್ಯಕ್ಕೆ ಮರಳಿ ಕಳುಹಿಸುತ್ತಾಳೆ; ಅವನು ಬಿಟ್ಟುಹೋದ ಕಾಲವೂ, ಹೋಗಿ ಸೇರಿದ ಕಾಲವೂ ತಂತಮ್ಮ ದಾರಿಯಲ್ಲಿ ಮುಂದುವರಿಯುತ್ತವೆ. ಒಪ್ಪದವರಿಗೆ ದಿ ವಿಂಡ್ ವೇಕರ್ ಗೇಮಿನ ಕಡಲ ತಳದ ಅರಮನೆಯನ್ನು ತೋರಿಸಿ. ಮಾಸ್ಟರ್ ಸ್ವೋರ್ಡ್ ಎಂಬ ಖಡ್ಗ ನೆಟ್ಟಿರುವ ನೆಲಮಾಳಿಗೆಯ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಕರಿನಾದ ಸೇಜ್‌ಗಳ, ಅಂದರೆ ಜ್ಞಾನಿಗಳ, ಚಿತ್ರಗಳಿವೆ, ಮತ್ತು ಅವರಲ್ಲಿ ಬಹುತೇಕರು ಎಚ್ಚೆತ್ತದ್ದು ಲಿಂಕ್ ದೊಡ್ಡವನಾಗಿದ್ದ ಕಾಲದಲ್ಲಿ; ಹಾಗಾಗಿ ಈ ಗೇಮು ಅವನು ಬಿಟ್ಟುಹೋದ ಆ ಕಾಲದ ಕವಲಿಗೆ ಸೇರಿದ್ದು. ಟ್ವೈಲೈಟ್ ಪ್ರಿನ್ಸೆಸ್ ಗೇಮಿನಲ್ಲಿ ಗ್ಯಾನನ್‌ಡಾರ್ಫ್‌ಗೆ (ಗ್ಯಾನನ್‌ನ ಮಾನವ ರೂಪಕ್ಕೆ) ಮರಣದಂಡನೆ ವಿಧಿಸುವ ದೃಶ್ಯ ಬಾಲ್ಯದ ಕವಲಿಗೆ ಸೇರಿದ್ದು.

ಲಿಂಕ್ ಸೋತನೆಂಬ ಮೂರನೆಯ ಕವಲು ಇಷ್ಟು ಗಟ್ಟಿಯಲ್ಲ. ಅದು 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಕಟವಾದ ಹೈರೂಲ್ ಹಿಸ್ಟೋರಿಯಾ ಪುಸ್ತಕದಿಂದ ಬಂದದ್ದು. ಒಕರಿನಾದಲ್ಲಿ ಗೇಮ್ ಓವರ್ ಪರದೆಯನ್ನು ಬಿಟ್ಟರೆ ಅಂಥ ಅಂತ್ಯವೇ ಇಲ್ಲ. ಅದು ಅಧಿಕೃತವೆಂದು ಒಪ್ಪಿ, ಆದರೆ ಗೇಮಿನೊಳಗೆ ಸಾಬೀತಾಗಿದೆ ಎನ್ನಬೇಡಿ. ಆ ಪುಸ್ತಕದ ಕ್ರಮವೂ ಹಾಗೆಯೇ ಉಳಿದಿಲ್ಲ: ಅದರಲ್ಲಿ ಒರಾಕಲ್ ಹೆಸರಿನ ಜೋಡಿ ಗೇಮುಗಳ ನಂತರವಿದ್ದ ಲಿಂಕ್ಸ್ ಅವೇಕನಿಂಗ್ ಗೇಮನ್ನು ನಿಂಟೆಂಡೊ ಮುಂದೆ ಆ ಜೋಡಿಗಿಂತ ಮೊದಲಿಗೆ ತಂದಿತು.

2017ರ ಬ್ರೆತ್ ಆಫ್ ದಿ ವೈಲ್ಡ್‌ಗೆ ಬಂದಾಗ ನಿಧಾನಿಸಿ. ಅಲ್ಲಿ ಸಿಗುವ ಕಲ್ಲುಪ್ಪು ಪ್ರಾಚೀನ ಸಮುದ್ರದ್ದೆಂದು ಅದರ ವಿವರಣೆಯಲ್ಲಿದೆ, ಅದನ್ನೇ ವಿಂಡ್ ವೇಕರ್‌ನ ಕಡಲಿಗೆ ಗಂಟು ಹಾಕುವವರು ಬಹಳ. ಸಾಣಿಕಟ್ಟೆಯ ಉಪ್ಪಿನಾಗರ ನೋಡಿ ಬೆಳೆದವರಿಗೆ ಗೊತ್ತಿರುವಂತೆ, ಕಡಲ ನೀರು ಬಂದಿತ್ತೆಂದು ಉಪ್ಪು ಹೇಳುತ್ತದೆಯೇ ಹೊರತು ಯಾವ ಉಬ್ಬರದಲ್ಲಿ ಬಂದಿತ್ತೆಂದು ಹೇಳುವುದಿಲ್ಲ. ಅದೂ ಅಲ್ಲದೆ, ವಿಂಡ್ ವೇಕರ್‌ನಲ್ಲಿ ನೀರಿನಲ್ಲಿ ಬಾಳುವ ಜೋರಾಗಳ ಸಂತತಿಯೇ ಹಕ್ಕಿಯಂಥ ರಿಟೋಗಳಾಗಿದ್ದರೆ, ಇಲ್ಲಿ ಎರಡೂ ಕುಲಗಳು ಒಟ್ಟಿಗೆ ಬಾಳುತ್ತಿವೆ. 2024ರಲ್ಲಿ ನಿಂಟೆಂಡೊ ತೋರಿಸಿದ ನಕ್ಷೆಯಲ್ಲಿಯೂ ಈ ಗೇಮು ಮತ್ತು 2023ರ ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಯಾವ ಕವಲಿಗೂ ಸೇರದೆ ಪ್ರತ್ಯೇಕವಾಗಿವೆ. ಯಾರಾದರೂ ಇವನ್ನು ಒಂದು ಕವಲಿಗೆ ಸೇರಿಸಲು ಹೊರಟರೆ, ಜೋರಾ ಮತ್ತು ರಿಟೋ ಎರಡಕ್ಕೂ ಲೆಕ್ಕ ಕೊಡುವ ದೃಶ್ಯ ಯಾವುದೆಂದು ಮೊದಲು ಕೇಳಿ.