ಕಾಕ್‌ಇಕ್: ಮಾಯಾ ಜನರ ಕೆಂಪು ಟರ್ಕಿ ಸಾರು ಮಾಡುವ ಬಗೆ

ಗ್ವಾಟೆಮಾಲಾದ ಆಲ್ಟಾ ವೆರಾಪಾಸ್ ಪ್ರಾಂತ್ಯದಲ್ಲಿ, ಅದರಲ್ಲೂ ಕೋಬಾನ್ ಪಟ್ಟಣದ ಸುತ್ತಮುತ್ತ, ಕೆಕ್ಚಿ ಮಾಯಾ ಜನರ ಹಬ್ಬದಡುಗೆ ಕಾಕ್‌ಇಕ್. ಅವರ ನುಡಿಯಲ್ಲಿ 'ಕಾಕ್' ಎಂದರೆ ಕೆಂಪು, 'ಇಕ್' ಎಂದರೆ ಮೆಣಸಿನಕಾಯಿ. 2007ರಲ್ಲಿ ಅಲ್ಲಿನ ಸರ್ಕಾರ ಇದನ್ನು ದೇಶದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಅದೇ ನಾಡಿನ ಪೆಪಿಯಾನ್ ಎಂಬ ಮಂದ ಸಾರಿಗೆ ಎಳ್ಳು, ಕುಂಬಳಬೀಜ ಅರೆದು ಹಾಕುತ್ತಾರೆ. ಇದು ಹಾಗಲ್ಲ, ತೆಳ್ಳಗಿನ ಸಾರು. ಮಂದ ಮಾಡಲು ಹೋದರೆ ಕಾಕ್‌ಇಕ್ ಆಗಿ ಉಳಿಯುವುದಿಲ್ಲ.

ಆರೇಳು ಮಂದಿಗೆ ಮೂಳೆ, ಚರ್ಮ ಸಹಿತ 2 ಕಿಲೋ ಟರ್ಕಿ ಕೋಳಿ ಬೇಕು. ತೊಡೆ, ಕಾಲು ಹೆಚ್ಚಿರಲಿ. ಬರೀ ಎದೆಮಾಂಸ ಹಾಕಿದರೆ ಅದು ನಾರಾಗುತ್ತದೆ, ಸಾರಿಗೂ ಕಸುವು ಬರುವುದಿಲ್ಲ. ದೊಡ್ಡ ತುಂಡು ಮಾಡಿ, 4 ಲೀಟರ್ ತಣ್ಣೀರು, ಒಂದು ಈರುಳ್ಳಿ, 3 ಚಮಚ ಉಪ್ಪಿನೊಂದಿಗೆ ಒಲೆಗಿಡಿ. ಮೇಲೆ ಬರುವ ನೊರೆ ತೆಗೆಯುತ್ತಿರಿ. ಆಮೇಲೆ ಸಣ್ಣ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಯಲಿ. ಕೊತಕೊತ ಕುದಿಸಿದರೆ ಸಾರು ಕದಡಿ, ಮಾಂಸ ಬಿಗಿಯುತ್ತದೆ.

ಇದರ ನಡುವೆ ಎಣ್ಣೆ ಹಾಕದ ಕಾವಲಿಯ ಮೇಲೆ ಮುಕ್ಕಾಲು ಕಿಲೋ ಟೊಮೆಟೊ, ಕಾಲು ಕಿಲೋ ಟೊಮೆಟಿಲೊ (ಟೊಮೆಟೊದಂತೆ ಕಾಣುವ ಹುಳಿ ಹಸಿರು ಕಾಯಿ), ಒಂದು ಈರುಳ್ಳಿ, ಒಂದು ಕೆಂಪು ದಪ್ಪಮೆಣಸಿನಕಾಯಿ, 6 ಎಸಳು ಬೆಳ್ಳುಳ್ಳಿ ಸುಡಿ. ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಒಳಗೆ ಮೆತ್ತಗಾಗಬೇಕು. ಆತುರಪಟ್ಟು ಹಸಿಯಾಗಿ ಅರೆದರೆ ಟೊಮೆಟೊ ಸಾರಿನ ರುಚಿ ಬರುತ್ತದೆಯೇ ಹೊರತು ಇದರ ರುಚಿಯಲ್ಲ. ಟೊಮೆಟಿಲೊ ಸಿಗದಿದ್ದರೆ ಹುಳಿಯಿರುವ ಹಸಿರು ಟೊಮೆಟೊ ಸಾಕು.

ಒಣಮೆಣಸಿನಕಾಯಿಯಲ್ಲಿ ಅಲ್ಲಿನ ಎರಡು ಬಗೆ: ಗ್ವಾಕೆ 4, ಕಪ್ಪು ಬಣ್ಣದ ಪಾಸಾ 2. ಬ್ಯಾಡಗಿ ಗ್ವಾಕೆಯ ಜಾಗ ಚೆನ್ನಾಗಿ ತುಂಬುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಬೀಜ ತೆಗೆದು, ಪ್ರತಿ ಮಗ್ಗುಲನ್ನೂ ಹತ್ತು-ಹದಿನೈದು ಸೆಕೆಂಡು ಮಾತ್ರ ಬಿಸಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ. ಒಂದು ಕಾಯಿ ಕಪ್ಪಾಗಿ ಸೀದರೂ ಇಡೀ ಪಾತ್ರೆ ಕಹಿಯಾಗುತ್ತದೆ, ಸೀದ ಕಾಯಿಯನ್ನು ಬಿಸಾಡಿ. ಒಂದು ಚಮಚ ಕೊತ್ತಂಬರಿ ಬೀಜ, 5 ಸರ್ವಸಾಂಬಾರ (ಆಲ್‌ಸ್ಪೈಸ್) ಕಾಳು, 2 ಲವಂಗ, ಬೆರಳ ತುದಿಯಷ್ಟು ಚಕ್ಕೆ ಹುರಿದು ಪುಡಿ ಮಾಡಿ, ಎಲ್ಲವನ್ನೂ ಸೇರಿಸಿ ನುಣ್ಣಗೆ ಅರೆಯಿರಿ.

ಸಾರಿನ ಮೇಲೆ ತೇಲುವ ಜಿಡ್ಡನ್ನು ಎರಡು ಚಮಚ ತೆಗೆದು ಕಾಯಿಸಿ, ಒಂದು ಚಮಚ ಅಚಿಯೋಟೆ (ಕೆಂಪು ಬಣ್ಣ ಕೊಡುವ ಅನಾಟೊ ಬೀಜ) ಪುಡಿ ಹಾಕಿ. ಇದರ ಬಣ್ಣ ಜಿಡ್ಡಿನಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಅದಕ್ಕೆ ಅರೆದದ್ದನ್ನು ಸೋಸಿ ಸುರಿದು, ಹಸಿ ವಾಸನೆ ಹೋಗುವವರೆಗೆ ಹತ್ತು ನಿಮಿಷ ಬಾಡಿಸಿ, ಮಾಂಸದ ಪಾತ್ರೆಗೆ ಸೇರಿಸಿ. ಇನ್ನು ಅರ್ಧ ಗಂಟೆ ಸಣ್ಣ ಉರಿ.

ಸೊಪ್ಪು ಕೊನೆಯ ಹತ್ತು ನಿಮಿಷಕ್ಕೆ. ಪುದೀನ ಒಂದು ಹಿಡಿ, ಕೊತ್ತಂಬರಿ ಒಂದು ಹಿಡಿ, ಜೊತೆಗೆ ಏಳೆಂಟು ಸಾಮಾತ್ ಎಲೆ. ಮಲೆನಾಡು, ಕೊಡಗಿನ ಹಿತ್ತಲಲ್ಲಿ ಸಿಗುವ ಉದ್ದೆಲೆಯ ಕಾಡುಕೊತ್ತಂಬರಿಯೇ ಈ ಸಾಮಾತ್. ಮೂಲದಲ್ಲಿ ಅಮೆರಿಕ ಖಂಡದ್ದೇ ಗಿಡ. ಇದು ಸಿಕ್ಕರೆ ಬಿಡಬೇಡಿ, ಕಾಕ್‌ಇಕ್‌ನ ಘಮ ಇದರದ್ದೇ. ಮೊದಲೇ ಹಾಕಿ ಕುದಿಸಿದರೆ ಆ ಘಮ ಆವಿಯಾಗಿ ಹೋಗುತ್ತದೆ.

ಬಟ್ಟಲಿಗೊಂದು ದೊಡ್ಡ ತುಂಡು, ತುಂಬ ಸಾರು. ಪಕ್ಕದಲ್ಲಿ ಅನ್ನ, ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ಬಿಳಿ ತಮಾಲೆ. ಹೊಗೆಯಲ್ಲಿ ಒಣಗಿಸಿದ ಕೋಬಾನೆರೊ ಮೆಣಸಿನಕಾಯಿಯ ಪುಡಿಯನ್ನು ಬೇರೆಯಾಗಿಡಿ. ಖಾರ ಎಷ್ಟೆಂಬುದನ್ನು ಉಣ್ಣುವವರೇ ನೋಡಿ ಹಾಕಿಕೊಳ್ಳುತ್ತಾರೆ.